ಶತ್ರುವಿಲ್ಲದ ವೀರಗಲ್ಲು

ಮೊನ್ನೆ ಪಕ್ಕದ ಮನೆಯ ಲಾರಿ ಡ್ರೈವರ್ ಒಂದು ಚೂರು ತೆಂಗಿನಕಾಯಿ ತಂದು ಕೈಗಿಟ್ಟು, ‘ಪ್ರಸಾದ ಅಜ್ಜಾರೆ, ಕಣ್ಣಿಗೊತ್ತಿಕಳಿ’ ಅಂದ. ಯಾವ ದೇವರದು ಎಂದು ಕೇಳಿದೆ. ‘ತೀರ್ಥಹಳ್ಳಿ ರಸ್ತೆ ತಿರುವಲ್ಲಿ ವಿಮಾನದ ಕಲ್ಲಿದ್ಯಲ್ಲ, ಅದ್ರುದ್ದು. ಭಾರೀ ಹಳೇದಂತೆ. ರಾಜ್ರ ಕಾಲದ್ದು.’

ನಾನು ಕಾಯಿ ಬಾಯಿಗೆ ಹಾಕಿಕೊಂಡು ಅಗಿದೆ. ಆ ಕಲ್ಲು ಕೆತ್ತಿದವನು ನಾನು. ನನ್ನ ಉಳಿಯ ಪೆಟ್ಟು ತಿಂದ ದೇವರ ಪ್ರಸಾದವನ್ನು ನನಗೇ ಕೊಟ್ಟದ್ದಲ್ಲದೆ ನನ್ನನ್ನೂ ರಾಜರ ಕಾಲಕ್ಕೆ ಸೇರಿಸಿಬಿಟ್ಟ. ಆ ರಾಜರು ಯಾವ ವಿಮಾನದಲ್ಲಿ ಓಡಾಡುತ್ತಿದ್ದರಪ್ಪಾ ಎಂದು ಕೇಳುವ ಮನಸ್ಸಾಯಿತು. ಹಲ್ಲಿನ ಸಂದಿಯಲ್ಲಿ ಕಾಯಿಚೂರು ಸಿಕ್ಕಿಕೊಂಡಿದ್ದರಿಂದ ಕೇಳಲಿಲ್ಲ.

ನೀವು ಓದಿದವರು, ನಿಮಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ನಾಚಿಕೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಸನಗರದ ಸುತ್ತಮುತ್ತ ನಾನು ಮಾಡಿದ ಒರಳಿಲ್ಲದ ಅಡುಗೆಮನೆ ಒಂದು ಕಾಲದಲ್ಲಿ ಇರಲಿಲ್ಲ. ಮೇಷ್ಟರ ಮಾತು ನಾನು ಕೇಳಲಿಲ್ಲ, ನನ್ನ ಮಾತು ಕಲ್ಲು ಕೇಳಿತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಂಜಪ್ಪ ಮಾತ್ರ ಓದುತ್ತಲೇ ಹೋದ. ಸಾಗರದಲ್ಲಿ ಹೈಸ್ಕೂಲು ಮುಗಿಸಿ ವಾಯುಪಡೆಗೆ ಸೇರಿದ. ರಜೆಗೆ ಬಂದಾಗ ನಾನು ಕಲ್ಲು ಒಡೆಯುವ ಚಪ್ಪರದಡಿ ಕೂತು, ‘ಟ್ರೈನಿಂಗ್ ಇನ್ನೂ ಮುಗ್ದಿಲ್ಲ ಕಣಾ’ ಎನ್ನುತ್ತಿದ್ದ.

‘ಇನ್ನೂ ಎಂತ ಕಲಿತೀಯಾ ಮಾರಾಯ? ನೀ ಕಲ್ತು ಮುಗ್ಸೋದ್ರೊಳಗೆ ನನ್ನ ಒರಳು ಸವೆದು ಹೋಗ್ತವೆ’ ಎಂದು ನಾನು ಹಂಗಿಸುತ್ತಿದ್ದೆ. ಅವನು ನಗುತ್ತಿದ್ದ.

ಅರವತ್ತೈದರ ಯುದ್ಧ ನಡೆದಾಗ ಅವನು ಉತ್ತರದ ಕಡೆ ಎಲ್ಲೋ ಇದ್ದ. ವಿಮಾನ ನಡೆಸುವವನಲ್ಲ, ಹಿಂದೆ ಕೂತು, ಕಿವಿಗೆ ಯಂತ್ರ ಹಾಕಿಕೊಂಡು, ನೆಲದವರ ಜೊತೆ ಮಾತಾಡುವ ಕೆಲಸ. ಅದನ್ನೂ ಇನ್ನೂ ಕಲಿಯುತ್ತಿದ್ದ. ಒಂದು ದಿನ ಕಲಿಸುವವರೂ ಕಲಿಯುವವರೂ ಇದ್ದ ವಿಮಾನ ಮಂಜು ಕವಿದ ಗುಡ್ಡಗಳ ಕಡೆ ಹೋದದ್ದು ಮರಳಲಿಲ್ಲ. ಹುಡುಕಿದರು, ಸಿಗಲಿಲ್ಲ. ಅವನ ತಾಯಿ ಹೂವಮ್ಮನವರಿಗೆ ಬಂದ ಇಂಗ್ಲಿಷ್ ಕಾಗದವನ್ನು ಪೋಸ್ಟ್ ಮಾಸ್ತರರು ಮೂರು ಸಲ ಓದಿ ಹೇಳಿದರು: ತರಬೇತಿ ಹಾರಾಟದಲ್ಲಿ ಅಪಘಾತ.

ಊರಿಗೆ ದುಃಖವಾಯಿತು. ಅದಕ್ಕಿಂತ ಹೆಚ್ಚು ನಿರಾಸೆಯಾಯಿತು. ಯುದ್ಧದ ಕಾಲದಲ್ಲಿ ಸತ್ತೂ ಯುದ್ಧದಲ್ಲಿ ಸಾಯದಿರುವುದು ಎಂಥ ಅಚಾತುರ್ಯ. ಅಡಿಕೆ ಮಂಡಿಯ ಸಾಹುಕಾರರು ಸ್ಮಾರಕ ಸಮಿತಿ ಕಟ್ಟಿ, ಎಲ್ಲರ ಒತ್ತಾಯಕ್ಕೂ ಮೊದಲೇ ಅಧ್ಯಕ್ಷತೆ ಒಪ್ಪಿಕೊಂಡು, ಅದನ್ನು ಸರಿಪಡಿಸಲು ಹೊರಟರು. ಮೊದಲ ಸಭೆಯಲ್ಲಿ ಮಂಜಪ್ಪ ಪೈಲಟ್ ಆದ. ಎರಡನೆಯದರಲ್ಲಿ ಶತ್ರುವಿನ ಒಂದು ವಿಮಾನ ಕೆಡವಿದ. ಮೂರನೆಯ ಸಭೆಯಲ್ಲಿ ಕಾಫಿ, ಮಂಡಕ್ಕಿ ಎರಡೂ ಇದ್ದವು. ಕೆಡವಿದ ವಿಮಾನ ಮೂರಾಯಿತು. ಪಾಪ, ಬದುಕಿದ್ದಾಗ ಇಷ್ಟು ಬೇಗ ಅವನಿಗೆ ಬಡ್ತಿ ಸಿಕ್ಕಿರಲಿಲ್ಲ.

ಸಾಹುಕಾರರಿಗೆ ವೀರಗಲ್ಲೇ ಆಗಬೇಕು. ಆನಂದಪುರದ ಕಡೆ ಗದ್ದೆಯಂಚಿನಲ್ಲಿ ನೀವು ನೋಡಿರುತ್ತೀರಿ: ಕೆಳಗಿನ ಸಾಲಿನಲ್ಲಿ ವೀರನ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ‘ಹಂಗೇ ಮಾಡು. ಕುದುರೆ ಬದ್ಲು ವಿಮಾನ ಹಾಕು’ ಅಂದರು. ವಿಮಾನವನ್ನು ನಾನು ಕಂಡದ್ದು ಅವರ ಮಂಡಿಯ ಕ್ಯಾಲೆಂಡರಿನಲ್ಲಿ. ಆದರೆ ಬರುವುದಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲವಲ್ಲ, ಒಪ್ಪಿಕೊಂಡೆ. ರೆಕ್ಕೆ ಬಂದ ಒರಳುಗುಂಡಿನಂಥ ನಾಲ್ಕು ವಿಮಾನ ಕೆತ್ತಿದೆ. ಒಂದು ನಮ್ಮದು, ಬೀಳುತ್ತಿರುವ ಮೂರು ಅವರದು. ತೊಡಕಾದದ್ದು ಅಪ್ಸರೆಯರಿಂದ. ಹಳೆಯ ವೀರರನ್ನು ನೆಲದಿಂದ ಮೇಲೆತ್ತಬೇಕಿತ್ತು. ಇವನು ಆಗಲೇ ಮೇಲಿದ್ದ. ಕೇಳಿದರೆ ಸಾಹುಕಾರರು, ‘ಅವ್ರನ್ನ ಒಂಚೂರು ಬದಿಗೆ ನಿಲ್ಸು ಮಾರಾಯ’ ಅಂದರು. ಬಸ್ಸಿಗೆ ಕಾಯುವವರ ಹಾಗೆ ನಿಲ್ಲಿಸಿದೆ. ಮುಖಗಳನ್ನು ನುಣ್ಣಗೆ ಬಿಟ್ಟೆ. ದೂರದವರ ಮುಖ ಯಾರಿಗೆ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅನಾವರಣಕ್ಕೆ ಎರಡು ದಿನ ಇರುವಾಗ ಹೂವಮ್ಮ ಬಂದರು. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

‘ಇವು ಯಾರ್ದು ತಮಾ, ಬೀಳ್ತಿರಾವು?’

‘ಶತ್ರುಗಳ್ದು ಅಮ್ಮ.’

‘ಮಂಜ ಹೊಡ್ದಿದ್ದಾ?’

‘ಸಾಹುಕಾರ್ರು ಹಂಗಂತಾರೆ.’

‘ಕೋಳಿ ಕುಯ್ಯಕ್ಕೂ ನನ್ನೇ ಕರೀತಿದ್ದ ಅವ್ನು.’ ಸೆರಗಿನಿಂದ ಕಲ್ಲಿನ ಧೂಳು ಒರೆಸಿದರು. ‘ಅವ್ನು ಕಲೀತಿದ್ದ. ಕಲಿಯಾಗ ಹೋದ. ಹೆಣಾನೂ ಸಿಗ್ಲಿಲ್ಲ. ಉಳ್ದಿರೋ ನಿಜಾನೂ ನೀವ್ ತಗಂಡೋದ್ರೆ ನಂಗೆ ಎಂತ ಇರ್ತದೆ? ಈ ಮೂರೂ ತೆಗಿ. ಅಲ್ಲಿ ಅವ್ನು ಕೂತು ಕಲಿಯಾದು ಮಾಡು. ಮುಖ ಅವ್ನದೇ ಬರ್ಲಿ. ನೀ ದಿನಾ ನೋಡ್ದವ್ನಲಾ.’

ಇದ್ದ ಒಂದೇ ಫೋಟೋವನ್ನು ಸಮಿತಿಯವರು ಕರಪತ್ರಕ್ಕೆಂದು ಒಯ್ದು ಬಹಳ ಗೌರವದಿಂದ ಕಳೆದುಹಾಕಿದ್ದರು.

ನನಗೆ ಮುಖ ಕೆತ್ತಲು ಬರುತ್ತಿರಲಿಲ್ಲ. ಸಾಗರದಲ್ಲಿ ಕೆತ್ತುವವರಿದ್ದರು, ಹೋಗಿ ಕಲಿಯಬಹುದಿತ್ತು. ಅವರೆದುರು ಮಂಡಿ ಮಡಿಸಿ ಕೂರುವುದೆಂದರೆ ಬಿಟ್ಟ ಶಾಲೆಗೇ ವಾಪಸು ಹೋದಂತೆ. ‘ಟೈಮಿಲ್ಲ ಅಮ್ಮ’ ಅಂದೆ.

ಅವರು ಎದ್ದು ಹೋದ ಮೇಲೆ ಮೂರು ವಿಮಾನಗಳನ್ನೂ ಕೆತ್ತಿ ತೆಗೆದೆ. ತೆಗೆಯುವುದು ನನಗೆ ಚೆನ್ನಾಗಿ ಬರುತ್ತದೆ. ಜಾಗ ಬರಿದಾಗಿ ಉಳಿಯಿತು.

ಪರದೆ ಸರಿದಾಗ ಸಾಹುಕಾರರು ಒಂದು ಗಳಿಗೆ ತಬ್ಬಿಬ್ಬಾದರು. ಆದರೆ ಮೈಕಿನ ಮುಂದೆ ಸೋಲುವವರಲ್ಲ. ‘ನೋಡಿ ಮಹನೀಯರೇ, ಶತ್ರು ಎಷ್ಟರಮಟ್ಟಿಗೆ ನಾಶವಾದನೆಂದರೆ ಕಲ್ಲಿನ ಮೇಲೂ ಉಳಿದಿಲ್ಲ’ ಅಂದರು. ಚಪ್ಪಾಳೆಯೋ ಚಪ್ಪಾಳೆ. ನಾನೇನೋ ಸತ್ಯಕ್ಕಾಗಿ ಉಳಿ ಎತ್ತಿದೆ ಎಂದುಕೊಂಡಿದ್ದೆ. ಅವರ ಭಾಷಣಕ್ಕೆ ಒಂದು ಸಾಲು ಒದಗಿಸಿದ್ದೆ, ಅಷ್ಟೆ.

ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಹೂವಮ್ಮ ಚಪ್ಪಾಳೆ ತಟ್ಟಲಿಲ್ಲ. ಹೊರಡುವಾಗ ಹತ್ತಿರ ಬಂದು, ‘ಜಾಗ ಬಿಟ್ಟೀಯಲಾ, ಒಳ್ಳೇದಾತು. ಟೈಮಾದಾಗ ಮಾಡು’ ಅಂದರು.

ನನ್ನ ಸುಳ್ಳನ್ನು ಅವರು ನಂಬಿದ್ದರು. ಆಮೇಲೆ ಎಷ್ಟೋ ವರ್ಷ ಬದುಕಿದರು. ಸಂತೆಯಲ್ಲಿ ಸಿಕ್ಕಾಗಲೆಲ್ಲ, ‘ಟೈಮಾಯ್ತೇನಾ?’ ಎಂದು ಕೇಳುತ್ತಿದ್ದರು. ಹಂಗಿಸುವ ದನಿಯಲ್ಲ, ಕೆಲಸದವನ ಕಷ್ಟ ಗೊತ್ತಿದ್ದವರ ದನಿ. ಕಡೆಕಡೆಗೆ ನಾನು ಸಂತೆಗೆ ಹೆಂಡತಿಯನ್ನು ಕಳಿಸತೊಡಗಿದೆ. ಕಲ್ಲಿಗೆ ಹೆದರದವನು ಒಬ್ಬ ಮುದುಕಿಗೆ ಹೆದರಿ ಮನೆಯಲ್ಲಿ ಕೂತೆ.

ಈಗ ಆ ಬರಿದಾದ ಜಾಗಕ್ಕೆ ಜನ ಕುಂಕುಮ ಹಚ್ಚುತ್ತಾರಂತೆ. ಮಂಜಪ್ಪನ ಮುಖ ಕಂಡವರಲ್ಲಿ ಉಳಿದಿರುವವನು ನಾನೊಬ್ಬ. ನಾನೂ ಹೋದರೆ ಅವನು ರಾಜರ ಕಾಲದವನೇ ಆಗಿಬಿಡುತ್ತಾನೆ.

ಸೋಮವಾರ ಸಾಗರದ ಬಸ್ಸು ಹತ್ತಿದೆ. ಅಲ್ಲಿ ವಿಗ್ರಹ ಕೆತ್ತುವ ಹುಡುಗಿಯೊಬ್ಬಳಿದ್ದಾಳೆ, ನನ್ನ ಮೊಮ್ಮಗಳ ವಯಸ್ಸಿನವಳು. ‘ಎಂತ ಬೇಕಿತ್ತು ಅಜ್ಜ?’ ಅಂದಳು.

‘ನಂಗೆ ಮುಖ ಮಾಡಕ್ಕೆ ಬರಲ್ಲ. ಕಲಿಸ್ತೀಯನಮ್ಮ?’ ಅಂದೆ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಆಡಿದ ಮಾತು, ಅಂದುಕೊಂಡಷ್ಟು ಕಹಿಯಿರಲಿಲ್ಲ.

ಅವಳು ಒಂದು ಮೆದು ಕಲ್ಲು ಕೊಟ್ಟಳು. ನಾಲ್ಕು ದಿನ ಕೂತು ಮಾಡಿದ ಮುಖ ನೋಡಿದರೆ ಸಾಕ್ಷಾತ್ ಮಂಡಿ ಸಾಹುಕಾರರು. ‘ಇದು ಆಗ್ಲಿಲ್ಲ ಅಜ್ಜ’ ಎಂದು ಅವಳು ಮುಲಾಜಿಲ್ಲದೆ ಹೇಳಿದಳು. ನಾನು ಇನ್ನೊಂದು ಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡೆ.