ಬೀರಪ್ಪ ಮತ್ತು ನಾಲ್ಕನೇ ಗೂಟ

ಬೀರಪ್ಪ ಹುಲ್ಲನ್ನು ನಿಂತು ನೋಡುತ್ತಿರಲಿಲ್ಲ. ಕಂಬಳಿ ಹಾಸಿ, ಬೋರಲಾಗಿ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡುತ್ತಿದ್ದ. “ಮ್ಯಾಲಿಂದ ನೋಡಿದ್ರ ಎಲ್ಲಾ ಹಸರ ಕಾಣತೈತ್ರಿ ಸಾಹೇಬ್ರ. ಬುಡದಾಗ ಮಣ್ಣ ಎಷ್ಟ ಕಾಣತೈತಿ ಅನ್ನೂದ ನೋಡ್ರಿ” ಎನ್ನುತ್ತಿದ್ದ. ಹತ್ತನೇ ತರಗತಿ ಓದಿದ ನನ್ನನ್ನು ಸಾಹೇಬನೆಂದು ಕರೆದ ಕುರಿಗಾರ ಅವನೊಬ್ಬನೇ.

ಉಪ್ಪಿನಬೆಟಗೇರಿಯ ಆಚೆ ಊರ ದನಕುರಿ ಮೇಯುವ ಗಾಯರಾಣವಿದೆ. ಒಂದು ಯೋಜನೆಯ ಕಚೇರಿಯವರು ಅಲ್ಲಿ ನೀರು ಇಂಗಲು ಗುಂಡಿ ತೋಡಿ, ಹುಲ್ಲಿನ ಬೀಜ ಚೆಲ್ಲಿ, ಮೂರು ವರ್ಷ ಯಾರೂ ಮೇಯಿಸಬಾರದೆಂದು ಮುಚ್ಚಿದ್ದರು. ಇದರಿಂದ ಹುಲ್ಲು ಬಂತೋ ಇಲ್ಲವೋ ಎಂದು ಪ್ರತಿ ಮಳೆಗಾಲದ ಬಳಿಕ ಅಳೆಯುವುದು ನನ್ನ ಕೆಲಸ. ಆರು ಗೂಟ ನೆಟ್ಟಿದ್ದರು. ಪ್ರತಿ ಗೂಟದ ಪಕ್ಕ ಕಬ್ಬಿಣದ ಚೌಕಟ್ಟು ಇಟ್ಟು, ಒಳಗಿನ ಹುಲ್ಲು ಕೊಯ್ದು, ತೂಗಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಗೂಟ ಮಾತ್ರ ಕದಲಿಸಕೂಡದು.

ಹೀಗೆ ಮುಚ್ಚಲು ಬೇರೆ ಕುರಿಗಾರರನ್ನೆಲ್ಲ ಒಪ್ಪಿಸಿದವನು ಬೀರಪ್ಪನೇ. ಅವರಿಂದ ಬೈಸಿಕೊಂಡು, ತನ್ನ ಕುರಿಗಳನ್ನೂ ದೂರ ಹೊಡೆದುಕೊಂಡು ಹೋಗುತ್ತಿದ್ದ. ಅಳೆಯುವ ದಿನ ತಪ್ಪದೆ ಬಂದು ನನ್ನ ತಲೆ ತಿನ್ನುತ್ತಿದ್ದ. ತಕ್ಕಡಿಯಲ್ಲಿಟ್ಟ ಹುಲ್ಲಿನಿಂದ ಕಸ ಆರಿಸಿ ಬಿಸಾಡುವನು. “ಇದನ್ನ ಯಾವ ಕುರಿ ತಿನ್ನತೈತ್ರಿ? ನಿಮ್ಮ ಕಚೇರಿಯವ್ರು ತಿಂತಾರೇನು?” ಬಿಸಿಲು ಏರುತ್ತಿತ್ತು, ಬಸ್ಸು ತಪ್ಪುತ್ತಿತ್ತು, ನನಗೆ ರೇಗುತ್ತಿತ್ತು.

ಎರಡನೇ ವರ್ಷ ನಾಲ್ಕನೇ ಗೂಟದ ಸುತ್ತ ಬರೀ ಮಣ್ಣು. ಕಚೇರಿಗೆ ಹಸಿರು ಫೋಟೋ ಬೇಕೆಂದು ಯಾರೂ ಹೇಳಿರಲಿಲ್ಲ, ನಾನೇ ಹಾಗಂದುಕೊಂಡೆ. ಗೂಟ ಕಿತ್ತು, ಮೂವತ್ತು ಹೆಜ್ಜೆ ಆಚೆ, ಗುಂಡಿಯ ದಂಡೆಯಲ್ಲಿ ಹುಲ್ಲು ದಟ್ಟವಾಗಿದ್ದಲ್ಲಿ ನೆಟ್ಟೆ. ಆಮೇಲೆ ಎರಡನೆಯದನ್ನು, ಐದನೆಯದನ್ನು.

ಬೀರಪ್ಪ ಹಳೆಯ ತೂತಿನಲ್ಲಿ ಬೆರಳಿಟ್ಟು ಕೇಳಿದ: “ಸಾಹೇಬ್ರ, ಗೂಟಕ್ಕ ಕಾಲ ಬಂದಾವೇನ್ರಿ?”

“ಸಡ್ಲ ಆಗಿತ್ತೋ ಬೀರಪ್ಪ. ಗಟ್ಟಿ ನೆಲದಾಗ ನೆಟ್ಟೇನಿ.”

“ಇನ್ನೊಂದ ಮಳಿಗಾಲ ಮುಚ್ಚಿದ್ರ ಹುಲ್ಲ ಬೇರ ಹಿಡೀತೈತ್ರಿ. ಬಂದೈತಿ ಅಂತ ಬರದ್ರ ಗಾಯರಾಣ ಈಗ ತಗದ ಬಿಡ್ತಾರ. ಖರೇ ಬರೀರಿ.”

“ನಿನಗ್ಯಾಕೋ ಆ ಉಸಾಬರಿ? ಕುರಿ ಕಾಯಿ ಹೋಗು” ಎಂದೆ.

ನನ್ನ ವರದಿಯಲ್ಲಿ ಹುಲ್ಲು ಸಮೃದ್ಧವಾಗಿ ಬೆಳೆಯಿತು. ಕೆಲಸ ಫಲಿಸಿತೆಂದು ಗಾಯರಾಣವನ್ನು ಒಂದು ವರ್ಷ ಮೊದಲೇ ತೆರೆದರು. ಸುತ್ತಲಿನ ಹಿಂಡುಗಳೆಲ್ಲ ನುಗ್ಗಿದವು. ಯುಗಾದಿಯ ಹೊತ್ತಿಗೆ ಅಲ್ಲಿ ಬೇರೂ ಉಳಿದಿರಲಿಲ್ಲ.

ಮುಂದೆ ಒಂದು ದಿನ ಗರಗದ ರಸ್ತೆಯಲ್ಲಿ ಬೀರಪ್ಪ ಹಿಂಡಿನೊಂದಿಗೆ ಎದುರಾದ. ಗಾಡಿ ನಿಲ್ಲಿಸಿ, ಗೂಟ ಸಡಿಲಾಗಿರಲಿಲ್ಲ, ಬೇಕಂತಲೇ ಸರಿಸಿದೆ ಎಂದು ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅದ ಗೊತ್ತೈತ್ರಿ. ಆದ್ರ ನಮ್ಮ ಮಂದಿಗೆ ನಾ ಆಣಿ ಮಾಡಿ ಹೇಳಿದ್ದೆ, ಸಾಹೇಬ್ರು ಅಳದು ಖರೇನ ಬರೀತಾರಂತ. ಈಗ ನಾ ಬಾಯಿ ತಗದ್ರ ನಗತಾರ. ಮತ್ತ ಮುಚ್ಚೂಣು ಅಂದ್ರ ಯಾರ ಕೇಳ್ತಾರ?”

“ನಾನ ಬಂದು ಅವರ ಮುಂದ ಹೇಳ್ತೇನಿ.”

“ಲಗೂ ಬರ್ರಿ ಹಂಗಾರ” ಎಂದು ಕುರಿಗಳ ಹಿಂದೆ ಹೋದ.

ಕಚೇರಿಗೆ ಹೋಗಿ ಕೇಳಿದೆ. ಯೋಜನೆ ಮುಗಿದಿದೆ, ವರದಿ ತಿದ್ದಲು ಬರುವುದಿಲ್ಲ ಎಂದರು. ಕುರಿಗಾರರಲ್ಲಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ. ಇವತ್ತು, ನಾಳೆ ಎನ್ನುತ್ತ ಎರಡು ಮಳೆಗಾಲ ಕಳೆದೆ. ಕೊನೆಗೆ ಹೋಗಿ, ಎಲ್ಲರೆದುರು ನಿಂತು, ಸುಳ್ಳು ಬೀರಪ್ಪನದಲ್ಲ, ನನ್ನದು ಎಂದೆ.

ಯಾರೂ ನಗಲಿಲ್ಲ. ಬೀರಪ್ಪನ ತಮ್ಮ ತಲೆಯೆತ್ತದೆ ಹೇಳಿದ: “ಹೋದ ಅಮಾಸಿ ಒಳಗ, ನಮ್ಮಣ್ಣ ಜೀವಂತ ಇದ್ದಾಗ ಬಂದ ಹೇಳಿದ್ರ, ಅವನೂ ಕೇಳತಿದ್ದ ನೋಡ್ರಿ.”