ಎರಡು ಡೆಸಿಬೆಲ್ ಮೋಸ

ಕೋವಿಡ್ ಕಳೆದ ಮರುವರ್ಷದ ಮಾತು. ಚಿತ್ರದುರ್ಗದಲ್ಲಿ ನನ್ನ ರೆಕಾರ್ಡಿಂಗ್ ಸ್ಟುಡಿಯೊ ಇನ್ನೂ ನಡೆಯುತ್ತಿತ್ತು. ಸೌಂಡ್ ಎಂಜಿನಿಯರನಾಗಿ ಮೂವತ್ತು ವರ್ಷ ತುಂಬಿತ್ತು. ಹರಿಯಬ್ಬೆಯ ಶಿಕ್ಷಕಿ ಲಕ್ಷ್ಮೀದೇವಿ ಒಂದು ಮಧ್ಯಾಹ್ನ ಬಂದರು. ಅವರ ತಾಯಿ ಕೆಂಚಮ್ಮ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟನ್ನು ಹಿಂದೆ ಮಾಡಿದವನು ನಾನೇ. ಕೆಂಚಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ವರ್ಷದ ಪೂಜೆಯ ದಿನ ಆ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಹಂಚಬೇಕೆಂದು ಊರಿನ ಹೆಂಗಸರು ನಿರ್ಧರಿಸಿದ್ದರು.

ಕ್ಯಾಸೆಟ್ಟನ್ನು ಹಾಗೆಯೇ ನಕಲು ಮಾಡಲು ಹೆಚ್ಚೇನೂ ಖರ್ಚಿರಲಿಲ್ಲ. ಆದರೆ ಹಿರಿಯೂರಿನ ಸಲೀಂ, ಲಕ್ಷ್ಮೀದೇವಿಯವರ ಮನೆಯಲ್ಲಿದ್ದ ಮೂಲ ಟೇಪಿನಿಂದ ರೀಮಾಸ್ಟರ್ ಮಾಡಿಕೊಡುತ್ತೇನೆ ಎಂದಿದ್ದ. ಟೇಪಿನ ಧ್ವನಿಯನ್ನು ಹೊಸದಾಗಿ ಕಂಪ್ಯೂಟರಿಗೆ ಎತ್ತಿಕೊಂಡು, ಬೇಡದ ಸದ್ದು ತೆಗೆದು, ಹದ ಮಾಡುವ ಕೆಲಸ ಅದು. ಖರ್ಚು ನಾಲ್ಕು ಪಟ್ಟು. ಮಾದರಿಗೆಂದು ಒಂದು ಹಾಡು ಮಾಡಿಯೂ ಕೊಟ್ಟಿದ್ದ.

"ಸಾರ್, ಅಷ್ಟು ಕೊಡೋವಂಥದ್ದು ಅದ್ರಾಗೆ ಏನೈತೆ? ನೀವೇ ಕೇಳಿ ಹೇಳ್ರಿ," ಎಂದರು ಲಕ್ಷ್ಮೀದೇವಿ.

ಸಲೀಂ ನನ್ನ ಶಿಷ್ಯ. ಕೇಬಲ್ ಸುತ್ತುವುದನ್ನೂ ನನ್ನಲ್ಲೇ ಕಲಿತವನು. ಈಗ ಹೊಸದುರ್ಗ, ಹೊಳಲ್ಕೆರೆಯ ಹಾಡುಗಾರರೂ ನನ್ನ ಬಾಗಿಲು ದಾಟಿ ಹಿರಿಯೂರು ಬಸ್ಸು ಹತ್ತುತ್ತಿದ್ದರು. ಅವನ ಹೆಸರು ಕೇಳಿದರೆ ಸಾಕು, ಹೊಟ್ಟೆಕಿಚ್ಚು ಏಳುತ್ತಿತ್ತು.

ಅವರು ಹೋದ ಮೇಲೆ ಆ ಹಾಡು ಕೇಳಿದೆ. ಕೆಂಚಮ್ಮನ ಹಿಂದೆ ಇನ್ನೊಂದು ದನಿ ಇತ್ತು. ಸೋಬಾನೆಯಲ್ಲಿ ಒಬ್ಬಳು ಸಾಲು ಹೇಳಿ ಮುಗಿಸುವ ಮೊದಲೇ ಜೊತೆಗಾತಿ ಅದನ್ನು ಎತ್ತಿಕೊಳ್ಳಬೇಕು. ಕೆಂಚಮ್ಮನ ಜೊತೆಗಾತಿ ರಂಗಮ್ಮ. ಕ್ಯಾಸೆಟ್ ಮಾಡುವಾಗ ಟೇಪಿನ 'ಸುಯ್' ಸದ್ದು ಅಡಗಿಸಲು ನಾನು ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿದ್ದೆ; ಅದರ ಜೊತೆ ರಂಗಮ್ಮನ ಸಣ್ಣ ದನಿಯೂ ಹೋಗಿತ್ತು. ಸಲೀಂ ಸದ್ದನ್ನು ಮಾತ್ರ ತೆಗೆದು ಅವಳನ್ನು ಉಳಿಸಿಕೊಂಡಿದ್ದ. ಚೆನ್ನಾಗಿದೆ ಎನ್ನುವ ಬದಲು, ನೀವೇ ಬಂದು ಎರಡನ್ನೂ ಕೇಳಿ ಎಂದು ಲಕ್ಷ್ಮೀದೇವಿಯವರಿಗೆ ಫೋನ್ ಮಾಡಿದೆ.

ಮರುದಿನ ಲಕ್ಷ್ಮೀದೇವಿ ಮೂವರು ಹೆಂಗಸರನ್ನು ಕರೆತಂದರು. ರಂಗಮ್ಮನೂ ಬಂದಿದ್ದಳು. ಮೊದಲು ನನ್ನ ಹಳೆಯ ಕ್ಯಾಸೆಟ್ಟಿನದು, ಆಮೇಲೆ ಸಲೀಮನದು, ಎರಡನ್ನೂ ಕೇಳಿಸಿದೆ. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಸದ್ದು ತುಸು ಜಾಸ್ತಿಯಿರುವುದೇ ಕಿವಿಗೆ ಹಿತ. ಆದ್ದರಿಂದ ಹೋಲಿಸುವ ಮೊದಲು ಸಮ ಮಾಡಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಸಲೀಮನಿಗೆ ಅದನ್ನು ಕಲಿಸಿದವನೂ ನಾನೇ. ಅಂದು ನನ್ನದರ ಸದ್ದನ್ನು ಎರಡು ಡೆಸಿಬೆಲ್, ಅಂದರೆ ಯಾರಿಗೂ ಗೊತ್ತಾಗದಷ್ಟು, ಏರಿಸಿಟ್ಟೆ.

ಹಳೆಯದೇ ವಾಸಿ ಎಂದರು ಉಳಿದವರೆಲ್ಲ. ನನಗೆ ಒಳಗೊಳಗೇ ಖುಷಿ. ರಂಗಮ್ಮನಿಗೆ ಯಾವುದು ಹಿಡಿಸಿತೆಂದು ನಾನೇ ಕೇಳಿದೆ.

"ಎರಡನೇದ್ರಾಗೆ ನನ್ ದನಿ ಐತೆ ಕಣಪ್ಪ," ಎಂದಳು. "ಆದ್ರೆ ಕೆಂಚಕ್ಕ ಮೊದಲನೇದ್ರಾಗೇ ಚೆನ್ನಾಗಿ ಕೇಳ್ತಾಳೆ. ಅವಳ ಪೂಜೆ ಅಲ್ವಾ, ಅದನ್ನೇ ಹಂಚ್ರಿ."

ನನಗೆ ನಾಚಿಕೆಯಾಯಿತು. ಮೊದಲ ಸಲ ಆ ದನಿಯನ್ನು ಅಳಿಸಿದ್ದು ತಿಳಿಯದೆ. ಈ ಸಲ ತಿಳಿದೇ ಅಳಿಸುತ್ತಿದ್ದೆ. ಸದ್ದು ಸಮ ಇರಲಿಲ್ಲ, ಏರಿಸಿದ್ದು ನಾನೇ ಎಂದು ಒಪ್ಪಿಕೊಂಡು, ಸದ್ದು ಅಳೆಯುವ ಮೀಟರ್ ನೋಡಿ ಸರಿಮಾಡಿ ಮತ್ತೆ ಹಾಕಿದೆ. ಸಲೀಮನ ಪ್ರತಿಯಲ್ಲಿ ಕೆಂಚಮ್ಮನ ಸಾಲು ಮುಗಿಯುತ್ತಾ ಬಂದಾಗ ರಂಗಮ್ಮ ಅಭ್ಯಾಸಬಲದಿಂದ ಬಾಯಿ ತೆರೆದಳು. ಅಷ್ಟರಲ್ಲಿ ಸ್ಪೀಕರಿನೊಳಗಿನ ರಂಗಮ್ಮ ಸಾಲನ್ನು ಎತ್ತಿಕೊಂಡಾಗಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತಳು. ಖರ್ಚು ಎಷ್ಟಾದರೂ ಇದನ್ನೇ ಮಾಡಿಸುತ್ತೇವೆ ಎಂದರು ಲಕ್ಷ್ಮೀದೇವಿ.

ಬೇರೆಯವರ ಕೆಲಸ ತೂಗಲು ಕೂತಾಗ ಮೊದಲು ಮೀಟರ್ ನೋಡಬೇಕು, ನಮ್ಮ ಕಿವಿಯನ್ನು ನಂಬುವುದು ಆಮೇಲೆ. ಆ ದಿನ ಕಲಿತದ್ದು ಇಷ್ಟೇ. ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆ ಸಲೀಮನಿಗೆ ಫೋನ್ ಮಾಡಿ, ರಂಗಮ್ಮನನ್ನು ಚೆನ್ನಾಗಿ ಹುಡುಕಿದೆಯಪ್ಪ ಎಂದೆ.

"ನಾನೇನು ಹುಡುಕ್ದೆ ಸಾರ್, ಟೇಪಿನಾಗೇ ಇದ್ಲು," ಎಂದ. "ಆವತ್ತು ಮೈಕ್ ಇಟ್ಟು ಹಿಡಿದೋರು ನೀವಲ್ವಾ."

ಅವನ ಕೈಚಳಕಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು.