ದೊರೆಗೆ ಕಣ್ಣು ಬಿಡಿಸಿದ್ದು

ಕಣ್ಣು ಮುಟ್ಟಬೇಡ ಎಂದು ಒಬ್ಬನಾದರೂ ಹೇಳಿದ್ದನೇ? ಲೋಕನಾಥ ಆಚಾರ್ಯನಿಗೆ ಇವತ್ತಿಗೂ ಮೈ ಉರಿಯುವುದು ಇದಕ್ಕೇ. ಮೂಗಿನ ಬಗ್ಗೆ ಮೂರು ದಿನ ತಲೆ ಕೊರೆದವರು ಕಣ್ಣಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಕಾರ್ಕಳದಲ್ಲಿ ಅಪ್ಪನ ಜೊತೆ ಕೂತು ಮೂರ್ತಿ ಕೆತ್ತಿದ ಕೈ ಅವನದು. ಕುವೈತಿಗೆ ಬಂದ ಮೇಲೆ ಶುವೈಖ್‌ನ ಮಾರ್ಬಲ್ ಶೆಡ್ಡಿನಲ್ಲಿ ಅಡುಗೆಮನೆಯ ಕಟ್ಟೆಗಳಿಗೆ ಚಪ್ಪಡಿ ಕೊಯ್ಯುವುದಷ್ಟೇ ಕೆಲಸ. ಐದು ವರ್ಷ ಒಂದು ಮುಖವನ್ನೂ ಕೆತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಶೆಡ್ಡಿನ ಯಜಮಾನ, ಅಂದರೆ ಅವನಿಗೆ ವೀಸಾ ಕೊಟ್ಟ ಕಫೀಲ್, ಮನೆಯಿಂದ ಒಂದು ಪ್ರತಿಮೆ ಹೊರಿಸಿಕೊಂಡು ಬಂದ. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಕೆತ್ತಿದ್ದು. ಅಲ್ಲಿಯ ಯಾವನೋ ದೊರೆ, ಎದೆಯವರೆಗೆ ಮಾತ್ರ, ಬಿಳಿ ಅಮೃತಶಿಲೆ. ತೊಂಬತ್ತರ ಯುದ್ಧದ ಗಲಾಟೆಯಲ್ಲಿ ಉರುಳಿ ಮೂಗು ಹಾರಿಹೋಗಿತ್ತು. ಇಟಲಿಗೆ ಕಳಿಸುವ ಮಾತಿತ್ತು. ಸೂಪರ್‌ವೈಸರ್ ಬೊನವೆಂಚರ್, ಕಿನ್ನಿಗೋಳಿಯ ಕ್ರಿಶ್ಚಿಯನ್ನರು, ಊರವರ ಬಾಯಲ್ಲಿ ಪೊರ್ಬುಗಳು, ಅಡ್ಡ ಬಂದು, ನಮ್ಮ ಲೋಕು ಮಾಡುತ್ತಾನೆ, ನಾನು ಜವಾಬ್ದಾರಿ ಎಂದರು.

ಮೂಗು ಕೂತ ಚಂದ ನೋಡಬೇಕಿತ್ತು. ಜೋಡಿಸಿದ ಗೆರೆ ಬೆರಳಿಗೂ ಸಿಕ್ಕುತ್ತಿರಲಿಲ್ಲ. ಆದರೆ ಮೀಸೆಯ ಒಂದೊಂದು ಕೂದಲು ಕೆತ್ತಿದ ಆ ಶಿಲ್ಪಿ ಕಣ್ಣುಗುಡ್ಡೆಗಳನ್ನು ಮೊಟ್ಟೆಯ ಹಾಗೆ ನುಣ್ಣಗೆ ಬಿಟ್ಟಿದ್ದ. ಲೋಕನಾಥನ ಮನೆತನದಲ್ಲಿ ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕಡೆಗೆ. ಅದು ಆಗುವ ತನಕ ಮೂರ್ತಿ ಬರೀ ಕಲ್ಲು. ಪಾಪ, ಕೆಲಸದ ನಡುವೆಯೇ ಶಿಲ್ಪಿ ಸತ್ತಿರಬೇಕು ಎಂದುಕೊಂಡ. ಶುಕ್ರವಾರ ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಮಿಂದು ಬಂದು, ಸಣ್ಣ ಉಳಿಯಲ್ಲಿ ಎರಡೂ ಕಣ್ಣಿಗೆ ಪಾಪೆ ಬಿಡಿಸಿದ.

ಶನಿವಾರ ಬೊನವೆಂಚರ್ ಬಟ್ಟೆ ಸರಿಸಿ ನೋಡಿ ಅಲ್ಲೇ ಕೂತುಬಿಟ್ಟರು.

"ಎಂತ ಮಾಡಿದೆ ಮಾರಾಯಾ? ಇದು ಹಾಗೇ ಇರುದು, ಆ ಕಡೆಯವರು ಕಣ್ಣು ನುಣ್ಣಗೇ ಬಿಡುದು."

"ಕುರುಡನ ಹಾಗೆಯಾ? ದೊರೆ ಅಲ್ವಾ ಪೊರ್ಬುಗಳೇ?"

"ನಿನ್ನ ದೇವಸ್ಥಾನದಲ್ಲಿ ಇಡ್ಲಿಕ್ಕುಂಟಾ ಇದನ್ನು?"

ಕಫೀಲ್ ಬಂದ, ನೋಡಿದ, ಯಾರು ಮಾಡಿದ್ದು ಎಂದು ಕೇಳಿದ. ಮಾತಿಗೆ ಮೊದಲೇ ಕೈ ಎತ್ತುವ ಲೋಕನಾಥನ ಬಾಯಿ ಅವತ್ತು ಕಟ್ಟಿತು. ಇಕಾಮಾ, ಅಲ್ಲಿ ಇರುವ ಪರವಾನಗಿ, ಹೋದರೆ ತಂಗಿ ಅಮಿತಾಳ ನರ್ಸಿಂಗ್ ಓದು ಅಲ್ಲಿಗೇ ನಿಲ್ಲುತ್ತಿತ್ತು. ಬೊನವೆಂಚರ್ ಎದ್ದು ನಿಂತು ಅರಬಿಯಲ್ಲಿ ಹೇಳಿದರು: "ನಾನು ಹೇಳಿ ಮಾಡಿಸಿದ್ದು."

ಖಲಾಸ್ ಎಂದ ಕಫೀಲ್. ಹತ್ತು ದಿನದಲ್ಲಿ ಬೊನವೆಂಚರ್ ಕೆಲಸ ಕಳೆದುಕೊಂಡು ಊರಿನ ವಿಮಾನ ಹತ್ತಿದರು.

ಲೋಕನಾಥ ಅದೇ ಶೆಡ್ಡಿನಲ್ಲಿ ಇನ್ನೂ ಹದಿನಾಲ್ಕು ವರ್ಷ ಚಪ್ಪಡಿ ಕೊಯ್ದ. ತಂಗಿ ನರ್ಸ್ ಆದಳು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಕಿನ್ನಿಗೋಳಿಯ ಬಸ್ಸು ಹತ್ತುತ್ತಿದ್ದ. ಬೊನವೆಂಚರರ ಗೇಟಿನ ತನಕ ಹೋಗಿ, ಯಾರ ಮೇಲೋ ಸಿಟ್ಟು ಮಾಡಿಕೊಂಡು ವಾಪಸಾಗುತ್ತಿದ್ದ. ಹೇಳಬೇಕಾದದ್ದು ಒಂದೇ ಮಾತು: ಅವತ್ತು ನಾನು ಬಾಯಿ ಬಿಡಬೇಕಿತ್ತು.

ಎರಡು ಸಾವಿರದ ಹನ್ನೊಂದರಲ್ಲಿ ಗೇಟು ತೆಗೆದ. ಬೊನವೆಂಚರ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಹೆಂಡತಿ ಲೂರ್ಡ್ಸ್ ಬಾಯಮ್ಮ ಹೆಸರು ಕೇಳಿ, ಕೂರಿಸಿ ಚಾ ಕೊಟ್ಟರು.

"ನೀವು ಕೂರಿಸಿದ ಮೂಗಿನ ಸುದ್ದಿ ಯಾವಾಗಲೂ ಹೇಳ್ತಿದ್ರು. ಗೆರೆಯೇ ಕಾಣುದಿಲ್ಲ ಅಂತ."

ಕಣ್ಣಿನ ಸುದ್ದಿ ಅವರು ಹೆಂಡತಿಗೂ ಹೇಳಿರಲಿಲ್ಲ. ಲೋಕನಾಥ ಚಾ ಮುಗಿಸಿ ಲೋಟ ಕೆಳಗಿಟ್ಟ. ಅವನೂ ಹೇಳಲಿಲ್ಲ.